ಎಪ್ಪತ್ತೇಳು ಮಲೆಯ ಸೀಮೆಯಲ್ಲಿ ಮಾದರಿ ನಾಯಕರ ಆಯ್ಕೆ

ಒಬ್ಬ ನಾಯಕನನ್ನು ಮಾದರಿಯಾಗಿ ಆರಿಸಿಕೊಳ್ಳುವುದೆಂದರೆ, ಆತ ದಿನವೂ ಮಾಡುತ್ತಿದ್ದ ಕೆಲಸದಲ್ಲಿ ತನ್ನ ಕೈಲಾಗುವ ಪಾಲು ಯಾವುದೆಂದು ಗುರುತಿಸಿ ಅದನ್ನು ರೂಢಿ ಮಾಡಿಕೊಳ್ಳುವುದು. ಪ್ರಶಸ್ತಿ, ಪ್ರತಿಮೆ, ವೀರಮರಣ ಬೇಗ ಕಣ್ಣಿಗೆ ಬೀಳುತ್ತವೆ. ಅನುಸರಿಸಲು ಸಿಗುವುದು ದಿನಚರಿಯಲ್ಲಿ ಮಾತ್ರ. ಹನೂರು, ಕೊಳ್ಳೇಗಾಲ, ಯಳಂದೂರು ತಾಲ್ಲೂಕುಗಳ ಈಚಿನ ಚರಿತ್ರೆಯಲ್ಲಿ ಈ ಆಯ್ಕೆಯ ಕಷ್ಟವೂ ಇದೆ, ಫಲವೂ ಇದೆ.

ಈ ಸೀಮೆಯ ಜನಪದರು ಪೂಜೆಗೂ ಅನುಸರಣೆಗೂ ಇರುವ ಅಂತರವನ್ನು ಚೆನ್ನಾಗಿಯೇ ಬಲ್ಲರು. ಕಂಸಾಳೆಯವರು ಹಾಡುವ, ಎಪ್ಪತ್ತೇಳು ಮಲೆಯ ದೇವರಾದ ಮಾದಪ್ಪನ ಕಥೆಯಲ್ಲಿ ಅಸುರ ಶ್ರವಣನ ಸೆರೆಯಿಂದ ದೇವತೆಗಳನ್ನು ಬಿಡಿಸಿದ ಪವಾಡ ಬರುತ್ತದೆ. ಗುಡಿ ಕಟ್ಟಿಸಿದ ಆಲಂಬಾಡಿ ಜುಂಜೇಗೌಡನೂ ಬರುತ್ತಾನೆ. ಪವಾಡಕ್ಕೆ ಕೈಮುಗಿಯಬಹುದಷ್ಟೆ. ಜುಂಜೇಗೌಡನಂತೆ ಕೈಬಿಚ್ಚಿ ಕೊಡುವುದು ಯಾರಿಗಾದರೂ ಸಾಧ್ಯ. ಇನ್ನು ಊರಾಚೆಯ ನಾಯಕರ ಮಾತು ಬಂದರೆ, 1956ರವರೆಗೆ ಕೊಳ್ಳೇಗಾಲ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹಾಗಾಗಿ ತಮಿಳು, ಕನ್ನಡ ಎರಡೂ ನಡೆಯುವ ಮಾರ್ಟಳ್ಳಿಯಂಥ ಊರಿಗೆ ಎರಡೂ ನಾಡಿನ ದೊಡ್ಡವರು ಹತ್ತಿರದವರೇ.

ಆಯ್ಕೆಯಲ್ಲಿ ಎಡವುವುದು ಹೇಗೆಂಬುದಕ್ಕೂ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಗೋಪಿನಾಥಂನಲ್ಲಿ ಹುಟ್ಟಿದ ಕಾಡುಗಳ್ಳ ವೀರಪ್ಪನ್‌ಗೆ ನಾಯಕನಿಗೆ ಬೇಕಾದ ಗುಣಗಳು ಇರಲಿಲ್ಲವೆನ್ನಲಾಗದು. ಕಾಡಿನ ಮೂಲೆಮೂಲೆ ಅವನಿಗೆ ಗೊತ್ತಿತ್ತು. ಹಿಂಬಾಲಕರು ಅವನ ಮಾತು ಮೀರುತ್ತಿರಲಿಲ್ಲ. ಅವನ ಸಾಹಸದ ಕಥೆಗಳನ್ನು ಬೆರಗಿನಿಂದ ಹೇಳುವವರು ಈಗಲೂ ಸಿಗುತ್ತಾರೆ. ಆದರೆ ಅವನ ನಾಯಕತ್ವದ ಸಾಲ ತೀರಿಸಿದವರು ಹಳ್ಳಿಯವರು. ಒಂದು ಕಡೆ ತಂಡದ ಭಯ, ಇನ್ನೊಂದು ಕಡೆ ಅವನನ್ನು ಹಿಡಿಯಲು ಬಂದ ಪೊಲೀಸ್ ಕಾರ್ಯಪಡೆಯ ಲಾಠಿ; ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆಯಡಿ ಜೈಲು ಸೇರಿದ ಬಡವರು ಈ ಸುತ್ತಿನ ಊರುಗಳವರೇ. 2004ರ ಅಕ್ಟೋಬರ್ 18ರಂದು ಅವನು ಸತ್ತಾಗ ಊರಿಗೆ ಉಪಯೋಗಕ್ಕೆ ಬರುವಂಥದ್ದು ಏನೂ ಉಳಿದಿರಲಿಲ್ಲ. ಒಬ್ಬನನ್ನು ಮಾದರಿಯೆಂದು ಒಪ್ಪುವ ಮುನ್ನ ಅವನ ಹಿಂದೆ ಹೋದವರ ಗತಿ ಏನಾಯಿತೆಂದು ವಿಚಾರಿಸುವುದು ಅದಕ್ಕೇ.

ಅದೇ ಗೋಪಿನಾಥಂನಲ್ಲಿ ಅದೇ ಕಾಲದಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಬೇರೊಂದು ಬಗೆಯಲ್ಲಿ ಕೆಲಸ ಮಾಡುತ್ತಿದ್ದರು. ಆಂಧ್ರದ ರಾಜಮಹೇಂದ್ರಿಯವರಾದ ಅವರು ಭಾರತೀಯ ಅರಣ್ಯ ಸೇವೆಗೆ ಸೇರಿದ್ದು 1979ರಲ್ಲಿ. ಕಳ್ಳಸಾಗಣೆಗೆ ಆಳು ಸಿಗುವುದು ಬಡತನದಿಂದ ಎಂಬುದು ಅವರ ಲೆಕ್ಕ. ಆದ್ದರಿಂದ ಊರಿಗೆ ಕುಡಿಯುವ ನೀರು ತಂದರು, ಮನೆ ಕಟ್ಟಿಸಿದರು, ಔಷಧಿಗೆ ವ್ಯವಸ್ಥೆ ಮಾಡಿದರು, ಮಾರಿಯಮ್ಮನ ಗುಡಿ ಏಳಲು ಮುಂದೆ ನಿಂತರು. ಬಂದೂಕು ಹಿಡಿದವರನ್ನು ಶರಣಾಗುವಂತೆ ಒಲಿಸತೊಡಗಿದರು. 1991ರ ನವೆಂಬರ್ 10ರಂದು, ವೀರಪ್ಪನ್ ಶರಣಾಗುತ್ತಾನೆಂಬ ಮಾತು ನಂಬಿ ನಿರಾಯುಧರಾಗಿ ಕಾಡಿಗೆ ಹೋದವರು ಕೊಲೆಯಾದರು. ಮರುವರ್ಷ ಸರ್ಕಾರ ಮರಣೋತ್ತರ ಕೀರ್ತಿಚಕ್ರ ನೀಡಿತು. ಊರಿನವರು ಗುಡಿಯೊಳಗೆ ಅವರ ಫೋಟೊ ಇಟ್ಟರು.

ಫೋಟೊ ಇಟ್ಟದ್ದು ಜನರ ದೊಡ್ಡ ಮನಸ್ಸು. ಆದರೂ ಗುಡಿ ಸೇರಿದ ಮಾದರಿಯ ಜೊತೆ ಒಂದು ತೊಂದರೆ ಇದೆ: ದೇವರಾದವನನ್ನು ಅನುಸರಿಸುವ ಹೊಣೆ ಭಕ್ತನಿಗಿರುವುದಿಲ್ಲ. ಶ್ರೀನಿವಾಸ್ ಅವರಿಂದ ಕಲಿಯಬೇಕಾದ್ದು ನವೆಂಬರ್ 10ರ ನಡಿಗೆಯಲ್ಲ. ಅಂದು ಅವರ ನಂಬಿಕೆ ಅತಿಯಾಯಿತೆಂದು ಹೇಳುವುದರಿಂದ ಅವರ ಗೌರವಕ್ಕೇನೂ ಕುಂದು ಬಾರದು. ಕಲಿಯಬೇಕಾದ್ದು ಅದಕ್ಕೂ ಹಿಂದಿನ ದಿನಗಳ ಕೆಲಸವನ್ನು. ಕಡತ ಬಿಟ್ಟು ಊರಿನ ನಲ್ಲಿಯ ಬಳಿ ನಿಂತು ನೀರು ಬಂತೇ ಎಂದು ನೋಡುವುದು ಪಂಚಾಯಿತಿ ಸದಸ್ಯನಿಗೂ ಸಾಧ್ಯ, ಶಾಲಾ ಮುಖ್ಯೋಪಾಧ್ಯಾಯಿನಿಗೂ ಸಾಧ್ಯ.

ಮಾದರಿಯನ್ನು ಆರಿಸಿ, ಅದನ್ನು ತನ್ನ ನೆಲಕ್ಕೆ ಒಗ್ಗಿಸಿಕೊಂಡ ಬಗೆ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಡಾ. ಎಚ್. ಸುದರ್ಶನ್ ಹುಡುಗನಾಗಿದ್ದಾಗಲೇ ತಂದೆ ವೈದ್ಯರ ನೆರವು ಸಿಗದೆ ತೀರಿಕೊಂಡಿದ್ದರು. ವೈದ್ಯರಾದ ಮೇಲೆ ಅವರು ಎದುರಿಗಿಟ್ಟುಕೊಂಡದ್ದು ವಿವೇಕಾನಂದರನ್ನು ಮತ್ತು ಆಫ್ರಿಕಾದ ಲಂಬರೆನೆಯಲ್ಲಿ ಆಸ್ಪತ್ರೆ ನಡೆಸಿದ ಆಲ್ಬರ್ಟ್ ಶ್ವೈಟ್ಜರ್ ಅವರನ್ನು. ಶ್ವೈಟ್ಜರ್ ರೋಗಿಗಳು ಬರುವ ಕಡೆ ಆಸ್ಪತ್ರೆ ಕಟ್ಟಿದರು. ಬೆಟ್ಟದ ಬುಡಕಟ್ಟಿನವರಾದ ಸೋಲಿಗರು ಹೊರಗಿನವರನ್ನು ಕಂಡರೆ ಹಿಂಜರಿಯುತ್ತಿದ್ದರು. ಹಾಗಾಗಿ ಸುದರ್ಶನ್ ತಾವೇ ಅವರ ಹಾಡಿಗಳಾದ ಪೋಡುಗಳಿಗೆ, ಪೋಡಿನಿಂದ ಪೋಡಿಗೆ ನಡೆದರು, ಹಾವು ಕಚ್ಚಿದವರಿಗೆ, ಕರಡಿ ಪರಚಿದವರಿಗೆ ಔಷಧಿ ಕೊಟ್ಟರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರುವಾಯಿತು. ಆಸ್ಪತ್ರೆಯ ಜೊತೆಗೆ ಶಾಲೆ ಬಂತು, ಕಸುಬಿನ ತರಬೇತಿ ಬಂತು. ಯಳಂದೂರಿನಲ್ಲಿ ಕುಷ್ಠರೋಗ ಹೆಚ್ಚಾಗಿದ್ದ ಕಾರಣ 1986ರಲ್ಲಿ ಕರುಣಾ ಟ್ರಸ್ಟ್ ಹುಟ್ಟಿತು. 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು, 2000ದಲ್ಲಿ ಪದ್ಮಶ್ರೀ.

ಇಲ್ಲಿ ನಕಲು ಎಲ್ಲೂ ಇಲ್ಲ. ವಿವೇಕಾನಂದರಿಂದ ಸೇವೆಯ ನಿಷ್ಠೆ, ಶ್ವೈಟ್ಜರರಿಂದ ದೂರದ ಕಾಡಿಗೆ ಹೋಗುವ ಧೈರ್ಯ. ಕೆಲಸದ ರೀತಿಯನ್ನು ಮಾತ್ರ ಸೋಲಿಗರಿಂದಲೇ ಕಲಿತದ್ದು. ಮಾದರಿ ಒಬ್ಬರೇ ಇರಬೇಕೆಂಬ ನಿಯಮವೇನೂ ಇಲ್ಲ. ಕಷ್ಟಕಾಲದಲ್ಲಿ ತಾಳ್ಮೆಯನ್ನು ಒಬ್ಬರಿಂದ, ಹಣದ ಲೆಕ್ಕದ ಶುದ್ಧಿಯನ್ನು ಇನ್ನೊಬ್ಬರಿಂದ ಕಲಿಯಬಹುದು. ಆ ಇನ್ನೊಬ್ಬರು ಸ್ವಸಹಾಯ ಸಂಘದ ಪುಸ್ತಕ ಬರೆಯುವ ನೆರೆಮನೆಯ ಹೆಂಗಸಾಗಿದ್ದರೆ ಇನ್ನೂ ಒಳ್ಳೆಯದು: ಅವರ ತಪ್ಪೂ ಕಾಣುತ್ತದೆ, ತಿದ್ದಿಕೊಂಡದ್ದೂ ಕಾಣುತ್ತದೆ. ಪತ್ರಿಕೆಯಲ್ಲಿ ಓದಿದ ನಾಯಕನಲ್ಲಿ ಈ ಎರಡನೆಯದು ಕಾಣುವುದು ಅಪರೂಪ.

ಕೊನೆಯ ಪರೀಕ್ಷೆ, ಆ ನಾಯಕ ಬದಿಗೆ ಸರಿದರೆ ಕೆಲಸ ಮುಂದುವರಿಯುತ್ತದೆಯೇ ಎಂಬುದು. ಬೆಟ್ಟದಲ್ಲಿ ಅದಕ್ಕೆ ಉತ್ತರ ಸಿಕ್ಕಿದೆ. 2011ರಲ್ಲಿ ಅಲ್ಲಿನ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅರಣ್ಯ ಹಕ್ಕು ಕಾಯ್ದೆಯಡಿ ಜೇನು, ನೆಲ್ಲಿಕಾಯಿ ಸಂಗ್ರಹಿಸುವ ಸಮುದಾಯ ಹಕ್ಕುಪತ್ರಗಳು ಸೋಲಿಗರ ಗ್ರಾಮಸಭೆಗಳ ಕೈಸೇರಿದ್ದೂ ಅದೇ ವರ್ಷ. ಅದಕ್ಕಾಗಿ ಸಭೆ ಸೇರಿಸಿ, ತಮ್ಮ ಪವಿತ್ರ ತಾಣಗಳ ನಕ್ಷೆ ಮಾಡಿಸಿ, ಕಚೇರಿಗಳಿಗೆ ಅಲೆದವರ ಮುಂಚೂಣಿಯಲ್ಲಿ ಇದ್ದವರು ಸೋಲಿಗರೇ.