ತಡವಾಗಿ ತೊಡಗಿದ ಉಳಿತಾಯ

(ರಕ್ಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಉಳಿತಾಯದ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದ ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾನು ಹಿಂಜರಿದೆನು. ಎಂಟನೆಯ ತರಗತಿಗೆ ಚಕ್ರಬಡ್ಡಿಯ ಲೆಕ್ಕವನ್ನು ವರ್ಷವರ್ಷವೂ ಕಲಿಸುತ್ತಿದ್ದರೂ ಸ್ವಂತ ಸಂಸಾರದಲ್ಲಿ ಆ ಲೆಕ್ಕವನ್ನು ಒಮ್ಮೆಯೂ ಮಾಡಿ ನೋಡದಿದ್ದವನು ನಾನು. ನಲವತ್ತಮೂರನೆಯ ವಯಸ್ಸಿನಲ್ಲಿ ಕಣ್ಣು ತೆರೆಯಿತು. ತೆರೆಯಿಸಿದುದು ಒಂದು ಬೆಕ್ಕು. ಆದುದರಿಂದ ಈ ಹೊತ್ತು ಉಪದೇಶಕ್ಕಿಂತ ತಪ್ಪೊಪ್ಪಿಗೆಯೇ ಹೆಚ್ಚಾದೀತು.

ನಮ್ಮ ಮನೆಯಲ್ಲಿ ಕೆಂಚನೆಂಬ ಗಂಡು ಬೆಕ್ಕೊಂದುಂಟು. ಆಷಾಢದ ಒಂದು ರಾತ್ರಿ ಅದು ಮೂಲೆಯಲ್ಲಿ ಕುಳಿತು ಮತ್ತೆ ಮತ್ತೆ ತಿಣುಕುತ್ತಲೂ ನರಳುತ್ತಲೂ ಇತ್ತು. ಮಲಬದ್ಧತೆಯಿರಬೇಕೆಂದು ನಾವು ಸುಮ್ಮನಾದೆವು. ಬೆಳಗಾದಾಗ ಬೂತಾಯಿಯ ತುಂಡನ್ನು ಮುಂದಿಟ್ಟರೂ ಅದು ಮೂಸಿ ನೋಡಲಿಲ್ಲ. ಪಶುವೈದ್ಯರಿಗೆ ಫೋನು ಮಾಡಿದರೆ, "ಗಂಡು ಬೆಕ್ಕೇ? ಹಾಗಾದರೆ ಈಗಲೇ ಹೊರಡಿ" ಎಂದರು. ಗಂಡು ಬೆಕ್ಕಿನ ಮೂತ್ರನಾಳವು ಬಹಳ ಸಪೂರ. ಅದು ಹರಳಿನಿಂದಲೋ ಲೋಳೆಯಿಂದಲೋ ಕಟ್ಟಿಕೊಂಡರೆ ಒಂದೆರಡು ದಿನಗಳೊಳಗೆ ಮೈಗೆ ವಿಷವೇರಿ ಪ್ರಾಣವೇ ಹೋಗುವುದುಂಟು. ಬೆಕ್ಕು ಸಾಕಿದವರು ಇದನ್ನು ನೆನಪಿಡಬೇಕು.

ಮಂಗಳೂರಿಗೆ ಹೋಗಬೇಕಾಗಿತ್ತು, 6,000 ರೂಪಾಯಿಯಾದರೂ ಬೇಕಾಗಬಹುದೆಂದು ತಿಳಿಯಿತು. ಅಂದು ತಿಂಗಳ ಇಪ್ಪತ್ತೇಳನೆಯ ತಾರೀಕು. ನನ್ನ ಖಾತೆಯಲ್ಲಿದ್ದುದು 1,100 ರೂಪಾಯಿ. ಬಿ.ಎ., ಬಿ.ಟಿ. ಓದಿದ ಮುಖ್ಯೋಪಾಧ್ಯಾಯನು ಶಾಲೆಯ ಜವಾನರ ಮನೆಯ ಅಂಗಳದಲ್ಲಿ ಹೋಗಿ ನಿಂತನು. ನನ್ನ ಸಂಬಳದ ಅರ್ಧಕ್ಕಿಂತಲೂ ಕಡಿಮೆ ಸಂಬಳದ ಆ ಮಹನೀಯರು ಒಳಗೆ ಹೋಗಿ ಬಿಸ್ಕತ್ತಿನ ಡಬ್ಬಿಯಿಂದ ಹಣವನ್ನು ಎಣಿಸಿ ತಂದರು. ನನಗೆ ಮಾತು ಹೊರಡಲಿಲ್ಲ. "ಮಾಷ್ಟ್ರೇ, ಇದು ಇಂಥದ್ದಕ್ಕೇ ಇಟ್ಟದ್ದು" ಎಂದರು, ಅಷ್ಟೆ. ಕೆಂಚನು ಬದುಕಿದನು. ಸಾಲವನ್ನು ಮೂರು ತಿಂಗಳಲ್ಲಿ ತೀರಿಸಿದೆನು. ಆದರೆ ಆ ಅಂಗಳದಲ್ಲಿ ನಿಂತ ಐದು ನಿಮಿಷಗಳನ್ನು ಇನ್ನೂ ಮರೆತಿಲ್ಲ.

ಮರುದಿನವೇ ಎರಡು ನೂರು ಪುಟಗಳ ಒಂದು ಪುಸ್ತಕವನ್ನು ತಂದು ಜಮಾ-ಖರ್ಚು ಬರೆಯತೊಡಗಿದೆನು. ಬೆಕ್ಕಿನ ಪುಟವೇ ಮೊದಲನೆಯದು, ಏಕೆಂದರೆ ಕೋಪವು ಅದರ ಮೇಲಿತ್ತು. ತಿಂಗಳ ಕೊನೆಗೆ ಕೂಡಿಸಿದಾಗ ಮೀನು, ಅನ್ನ, ಔಷಧ ಎಲ್ಲವೂ ಸೇರಿ ಬೆಕ್ಕಿನ ಖರ್ಚು 900 ರೂಪಾಯಿ. ಪೇಟೆಯಲ್ಲಿ ನನ್ನ ಚಹಾ-ತಿಂಡಿ 1,400. ಚಿನ್ನವನ್ನು ಅಡವಿಟ್ಟು ತೆಗೆದ ಸಾಲದ ಬಡ್ಡಿ ಅದಕ್ಕಿಂತಲೂ ಹೆಚ್ಚು. ಮನೆಯಾಕೆ ಪುಸ್ತಕವನ್ನು ನೋಡಿ, "ಇನ್ನು ಬೆಕ್ಕನ್ನು ದೂರಬೇಡಿ" ಎಂದಳು.

ಬಡ್ಡಿಯ ಸ್ವಭಾವವನ್ನು ನಮಗೆ ಚೆನ್ನಾಗಿ ತಿಳಿಸಿದುದು ಬೊಳ್ಳಿಯೆಂಬ ಹೆಣ್ಣು ಬೆಕ್ಕು. ಹೆಣ್ಣು ಮರಿಯು ಐದಾರು ತಿಂಗಳಿಗೇ ಗರ್ಭ ಧರಿಸಬಲ್ಲುದು. ಒಂಬತ್ತು ವಾರಗಳಲ್ಲಿ ಮರಿ ಹಾಕುವುದು. ಆ ಮರಿಗಳಲ್ಲಿ ಹೆಣ್ಣಾದುವೂ ಆರು ತಿಂಗಳು ಕಳೆಯುವಷ್ಟರಲ್ಲಿ ಗರ್ಭ ಧರಿಸಬಲ್ಲುವು. ಒಂದು ಬೆಕ್ಕು ಐದಾದಾಗಲೇ ನಮಗೆ ಎಚ್ಚರವಾಯಿತು. ಸಂತಾನಹರಣ ಶಸ್ತ್ರಚಿಕಿತ್ಸೆಗೆ ತಗಲಿದ ಹಣವು ಆ ಮರಿಗಳನ್ನು ಕೆಲವು ತಿಂಗಳು ಸಾಕಿದ ಖರ್ಚಿಗಿಂತ ಕಡಿಮೆ. ಸಾಲವೂ ಹೀಗೆಯೇ ಮರಿ ಹಾಕುವುದು. ಅದಕ್ಕಾಗಿ ನಾನು ಉಳಿತಾಯದ ಗೋಜಿಗೆ ಹೋಗುವ ಮೊದಲು ಚಿನ್ನವನ್ನು ಬಿಡಿಸಿಕೊಂಡೆನು. ಜೊತೆಯಲ್ಲಿಯೇ ಮೂರು ತಿಂಗಳ ಮನೆಖರ್ಚಿನಷ್ಟು ಹಣವನ್ನು, ಬೇಕೆಂದಾಗ ಕೈಗೆ ಸಿಗುವಂತೆ, ಪ್ರತ್ಯೇಕ ಖಾತೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಕೂಡಿಸಿದೆನು. ಇದಕ್ಕೆ ಒಂದೂವರೆ ವರ್ಷ ಹಿಡಿಯಿತು. ನಮ್ಮ ಮನೆಯಲ್ಲಿ ಅದಕ್ಕೆ ಇಂದಿಗೂ ಕೆಂಚನ ಖಾತೆಯೆಂದೇ ಹೆಸರು.

ತಡವಾದುದಕ್ಕೆ ತೆತ್ತ ಬೆಲೆಯನ್ನು ಕರಿಹಲಗೆಯ ಮೇಲೆ ತೋರಿಸುತ್ತೇನೆ. ಶೇಕಡಾ 7ರ ಚಕ್ರಬಡ್ಡಿಯೆಂದು ಭಾವಿಸಿರಿ. ಇಪ್ಪತ್ತೈದನೆಯ ವಯಸ್ಸಿನಿಂದ ಅರುವತ್ತರವರೆಗೆ ವರ್ಷದ ಆರಂಭದಲ್ಲಿ 12,000 ರೂಪಾಯಿಯಂತೆ ಇಟ್ಟರೆ, ಕಟ್ಟಿದುದು 4,20,000. ಕೈಗೆ ಬರುವುದು ಸುಮಾರು 17,75,000. ನಲವತ್ತೈದಕ್ಕೆ ತೊಡಗಿದರೆ, ಕಟ್ಟಿದುದು 1,80,000. ಬರುವುದು ಸುಮಾರು 3,23,000. ಮೊದಲಿನವನನ್ನು ಸರಿಗಟ್ಟಬೇಕಾದರೆ ಎರಡನೆಯವನು ವರ್ಷಕ್ಕೆ 66,000 ರೂಪಾಯಿ, ಎಂದರೆ ತಿಂಗಳಿಗೆ 5,500 ಇಡಬೇಕಾಗುವುದು. ಮುಚ್ಚಿದ ಬಾಗಿಲುಗಳೂ ಉಂಟು. 2015ರಲ್ಲಿ ಆರಂಭವಾದ ಅಟಲ್ ಪಿಂಚಣಿ ಯೋಜನೆಗೆ ನಲವತ್ತು ವರ್ಷ ದಾಟಿದವರು ಸೇರಲಾರರು. ನನಗಂತೂ ಆ ಮಾತು ತಿಳಿದುದೇ ನಲವತ್ತು ದಾಟಿದ ಮೇಲೆ.

ತೆರೆದಿದ್ದ ಬಾಗಿಲು 1968ರಿಂದ ನಡೆದುಬಂದ ಸಾರ್ವಜನಿಕ ಭವಿಷ್ಯನಿಧಿ. ಅಂಚೆ ಕಚೇರಿಯಲ್ಲಿಯೂ ಬ್ಯಾಂಕುಗಳಲ್ಲಿಯೂ ದೊರೆಯುವುದು. ವರ್ಷಕ್ಕೆ 500 ರೂಪಾಯಿಯಾದರೂ ಕಟ್ಟಬೇಕು, ಮೇಲಿನ ಮಿತಿ 1,50,000. ತಿಂಗಳ ಐದನೆಯ ತಾರೀಕಿನೊಳಗೆ ಕಟ್ಟಿದರೆ ಆ ತಿಂಗಳ ಬಡ್ಡಿಯೂ ಸೇರುವುದು. ಅಡಿಕೆ ಬೆಳೆಯುವ ರಕ್ಷಕರು ಗಮನಿಸಬೇಕು: ಇದಕ್ಕೆ ತಿಂಗಳ ಕಂತಿನ ಕಡ್ಡಾಯವಿಲ್ಲ. ಅಡಿಕೆ ಮಾರಿದಾಗ ಒಟ್ಟಿಗೆ ಕಟ್ಟಬಹುದು. ಕೊಳೆರೋಗ ಬಂದ ವರ್ಷ ಐನೂರಕ್ಕೆ ನಿಲ್ಲಿಸಬಹುದು. ಅವಧಿ ಹದಿನೈದು ವರ್ಷ. ಮನೆಯೊಳಗೆ ಚೆನ್ನಾಗಿ ಸಾಕಿದ ಬೆಕ್ಕಿನ ಆಯುಸ್ಸೂ ಹೆಚ್ಚುಕಡಿಮೆ ಅಷ್ಟೇ. ನಾನು ಖಾತೆ ತೆರೆದ ತಿಂಗಳಲ್ಲಿಯೇ ಯಾರೋ ಬಿಟ್ಟುಹೋದ ಒಂದು ಮರಿ ನಮ್ಮ ಜಗಲಿಗೆ ಬಂದಿತು. ಎರಡರ ವಯಸ್ಸೂ ಒಂದೇ. ಒಂದನ್ನು ಕಂಡಾಗ ಇನ್ನೊಂದರ ನೆನಪಾಗುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಮಾತು. ಹತ್ತು ವರ್ಷ ತುಂಬಿದ ಮಕ್ಕಳು ಅಂಚೆ ಕಚೇರಿಯಲ್ಲಿ ತಮ್ಮ ಹೆಸರಿನಲ್ಲಿಯೇ ಉಳಿತಾಯ ಖಾತೆ ತೆರೆದು ತಾವೇ ನಡೆಸಬಹುದು. ಪಾಸುಪುಸ್ತಕವನ್ನು ತಂದು ತೋರಿಸಿದವರೊಡನೆ ನಾನು ಕುಳಿತು ಬಡ್ಡಿಯ ಲೆಕ್ಕ ಮಾಡುವೆನು.

ಬೆಕ್ಕಿನ ಹೆಸರಿಗೆ ಆಸ್ತಿ ಬರೆಯಲು ನಮ್ಮ ಕಾನೂನಿನಲ್ಲಿ ಆಸ್ಪದವಿಲ್ಲ. ಆದುದರಿಂದ ನನಗೇನಾದರೂ ಆದರೆ ಮೂರು ಬೆಕ್ಕುಗಳನ್ನು ನೋಡಿಕೊಳ್ಳಬೇಕೆಂದು ತಂಗಿಯ ಮಗನಿಗೆ ಹೇಳಿ, ಅದಕ್ಕೆಂದು ಒಂದು ಸಣ್ಣ ಮೊತ್ತವನ್ನು ಅವನಿಗೆ ಬರೆದಿಟ್ಟಿದ್ದೇನೆ. ಅವನು ಒಪ್ಪಿದ್ದಾನೆ, ಮೀನು ಕೊಯ್ಯುವುದು ಮಾತ್ರ ತನ್ನಿಂದಾಗದೆಂದು ಕರಾರು ಹಾಕಿದ್ದಾನೆ.