ಕಡಲು ಉಳಿಸಿದ ಸಾಕ್ಷಿ



ಹಡಗು ಮುಳುಗಿದ ಕಥೆಗಳು ಸಾಮಾನ್ಯವಾಗಿ ಸತ್ತವರ ಲೆಕ್ಕದೊಂದಿಗೆ ಮುಗಿಯುತ್ತವೆ. ಬದುಕಿ ಉಳಿದವರ ಗತಿ ಏನಾಯಿತು? ನಮ್ಮ ಹೊನ್ನಾವರಕ್ಕೆ ಸಂಬಂಧಿಸಿದ ಅಂಥದೊಂದು ಪ್ರಸಂಗವನ್ನು ಇಂದು ನೋಡೋಣ.

ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನು 1340ರ ದಶಕದ ಆರಂಭದಲ್ಲಿ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತನನ್ನು ಚೀನದ ಚಕ್ರವರ್ತಿಯ ಬಳಿಗೆ ರಾಯಭಾರಿಯಾಗಿ ಕಳುಹಿಸಿದನು. ಕಲ್ಲಿಕೋಟೆಯಲ್ಲಿ ಕಾಣಿಕೆಗಳನ್ನು ದೊಡ್ಡದೊಂದು ಚೀನೀ ಹಡಗಿಗೆ ಏರಿಸಲಾಯಿತು. ಅದರಲ್ಲಿ ತನಗೆ ಸಿಕ್ಕ ಕೋಣೆ ಇಕ್ಕಟ್ಟೆಂದು ಅವನು ತನ್ನ ಪರಿವಾರವನ್ನೂ ಸಾಮಾನನ್ನೂ ಚಿಕ್ಕ ಹಡಗಿಗೆ ಸಾಗಿಸಿದನು. ತಾನು ಮಾತ್ರ ಶುಕ್ರವಾರದ ಪ್ರಾರ್ಥನೆಗೆಂದು ದಡದಲ್ಲೇ ಉಳಿದನು. ಅಷ್ಟರಲ್ಲಿ ಕಡಲು ಕೆರಳಿತು.

ಮೊದಲು ಒಂದು ಹಡಗು ದಡಕ್ಕೆ ಬಡಿದು ಒಡೆಯಿತು. ಮರದ ತುಂಡೊಂದನ್ನು ಹಿಡಿದು ತೇಲುತ್ತಿದ್ದ ದಾಸಿಯನ್ನು ಉಳಿಸಿದವರಿಗೆ ಹತ್ತು ದಿನಾರು ಕೊಡುವೆನೆಂದು ಅವಳ ಒಡೆಯ ಕೂಗಿದನು. ಹೋರ್ಮುಜಿನ ನಾವಿಕನೊಬ್ಬ ಈಜಿ ಅವಳನ್ನು ದಡ ಸೇರಿಸಿದನು; ದೇವರಿಗಾಗಿ ಮಾಡಿದೆನೆಂದು ಹೇಳಿ ಹಣವನ್ನು ಮುಟ್ಟಲಿಲ್ಲ. ಅದೇ ರಾತ್ರಿ ಕಾಣಿಕೆಯ ಹಡಗೂ ಒಡೆದು ಅದರಲ್ಲಿದ್ದವರೆಲ್ಲ ಸತ್ತರು. ಇದನ್ನು ಕಂಡ ಚಿಕ್ಕ ಹಡಗು ಹಾಯಿ ಬಿಚ್ಚಿ ಹೊರಟೇಹೋಯಿತು. ಇಬ್ನ್ ಬತೂತನ ಬಳಿ ಉಳಿದದ್ದು ಹತ್ತು ದಿನಾರು, ಮಲಗುವ ಒಂದು ಜಮಖಾನ.

ಚಿಕ್ಕ ಹಡಗನ್ನು ಹುಡುಕಿ ಕೊಲ್ಲಂವರೆಗೆ ಹೋದನು, ಅದು ಸಿಗಲಿಲ್ಲ. ದೆಹಲಿಗೆ ಮರಳಲು ಭಯ: ಕಾಣಿಕೆಗಳನ್ನು ಬಿಟ್ಟು ನೀನೇಕೆ ದಡದಲ್ಲಿದ್ದೆ ಎಂದು ಸುಲ್ತಾನನು ಕೇಳಿದರೆ ಏನು ಹೇಳುವುದು? ಬದುಕಿದ್ದೇ ಅವನ ಅಪರಾಧವಾಗಿತ್ತು.

ಕೊನೆಗೆ ಅವನು ಹೊನ್ನಾವರದ ಸುಲ್ತಾನ ಜಮಾಲುದ್ದೀನನ ಆಶ್ರಯ ಪಡೆದನು. ಆ ಸುಲ್ತಾನನು 52 ಹಡಗುಗಳೊಡನೆ ಗೋವೆಯ ಮೇಲೆ ದಂಡೆತ್ತಿ ಹೋದಾಗ ಅವನೂ ಮತ್ತೆ ಹಡಗು ಹತ್ತಿದನು. ಚಿಕ್ಕ ಹಡಗಿನಲ್ಲಿದ್ದ ತನ್ನ ಸಾಮಾನೆಲ್ಲ ಬೇರೆಯವರ ಪಾಲಾಯಿತೆಂದು ಮುಂದೆ ಅವನಿಗೆ ತಿಳಿಯಿತು.

ಕಾಣಿಕೆ ಹೋಯಿತು, ಸಾಮಾನು ಹೋಯಿತು, ಉಳಿದದ್ದು ನೆನಪು. ತಾಯ್ನಾಡಿಗೆ ಮರಳಿದ ಮೇಲೆ ಅವನು ಅದನ್ನು ಹೇಳಿ ಬರೆಯಿಸಿದನು. ಗ್ರಂಥ 1355ರಲ್ಲಿ ಪೂರ್ಣವಾಯಿತು. ಹೊನ್ನಾವರದಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಪಾಠಶಾಲೆಗಳಿದ್ದವು, ಇಂಥದನ್ನು ಬೇರೆಲ್ಲಿಯೂ ಕಾಣೆನೆಂದು ಅದರಲ್ಲಿದೆ.

ಇಂದು ಬೆಂಗಳೂರಿನ ಜರಗನಹಳ್ಳಿಯಲ್ಲಿ ಹುಡುಗಿಯರು ಚೀಲ ಹೊತ್ತು ಶಾಲೆಗೆ ನಡೆದರೆ ಯಾರೂ ತಿರುಗಿ ನೋಡುವುದಿಲ್ಲ. ಲೋಕ ಸುತ್ತಿದವನೊಬ್ಬ ಅದಕ್ಕೆ ಬೆರಗಾದ ಕಾಲವೊಂದಿತ್ತು. ಅವನೂ ಆ ರಾತ್ರಿ ಹಡಗಿನಲ್ಲಿದ್ದಿದ್ದರೆ ಈ ಮಾತು ನಮಗೆ ತಲುಪುತ್ತಿರಲಿಲ್ಲ. ಚರಿತ್ರೆ ಎಷ್ಟೋ ಸಲ ಹೀಗೆ ಒಬ್ಬನ ಉಸಿರಿನ ಮೇಲೆ ನಿಂತಿರುತ್ತದೆ. ನಿಮ್ಮ ಊರಿನ ಹಿರಿಯರು ಕಂಡದ್ದನ್ನು ಕೇಳಿ ಬರೆದಿಡಿ.