ಹುಬ್ಬಳ್ಳಿಯ ಪರದೆ, ಬೆಂಗಳೂರಿನ ತೆರೆ

(ಕುಳಗೇರಿ ಕ್ರಾಸ್‌ನಲ್ಲಿ ಊರಿನ ಯುವಕರು ಏರ್ಪಡಿಸಿದ್ದ ಸಭೆಯಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ನಾವು ಕುಳಿತಿರುವ ಈ ಕ್ರಾಸಿನಿಂದ ಒಂದು ರಸ್ತೆ ಕೊಣ್ಣೂರು, ನರಗುಂದ, ನವಲಗುಂದಗಳನ್ನು ದಾಟಿ ಹುಬ್ಬಳ್ಳಿಗೆ ಹೋಗುತ್ತದೆ. ಅದೇ ರಸ್ತೆ ಇನ್ನೊಂದು ದಿಕ್ಕಿಗೆ ಕೆರೂರಿನ ಮೇಲೆ ಹಾಯ್ದು ವಿಜಯಪುರ, ಸೋಲಾಪುರ ಮುಟ್ಟುತ್ತದೆ. ಇಲ್ಲೇ ಹೊರಳಿಕೊಂಡರೆ ಬಾದಾಮಿ, ಬಾದಾಮಿಯಾಚೆ ಬನಶಂಕರಿ. ಇಲ್ಲಿ ನಿಂತು ನೋಡುವವರಿಗೆ ಎರಡು ಬಗೆಯ ಪ್ರಯಾಣ ಕಾಣುತ್ತದೆ. ಸಂಜೆಯಾದರೆ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿನ ಬಸ್ಸಿಗೆ ಕಾಯುವ ನಮ್ಮ ಹುಡುಗರು. ಬನದ ಹುಣ್ಣಿಮೆ ಹತ್ತಿರ ಬಂದರೆ ತಗಡು, ಕಂಬ, ಪರದೆ, ಟ್ರಂಕುಗಳನ್ನು ಹೇರಿಕೊಂಡು ಬನಶಂಕರಿಯತ್ತ ಹೋಗುವ ನಾಟಕ ಕಂಪನಿಗಳ ಲಾರಿಗಳು. ದುಡಿಮೆ ಅತ್ತ ಹೋಗುತ್ತದೆ, ಆಟ ಇತ್ತ ಬರುತ್ತದೆ. ಈ ಎರಡು ಪ್ರಯಾಣಗಳಿಗೆ ಇರುವ ಸಂಬಂಧವೇನು ಎಂಬುದೇ ಇವತ್ತಿನ ನನ್ನ ಮಾತಿನ ವಿಷಯ.

ಪಟ್ಟಣಗಳು ಬೆಳೆಯುವುದು ಹೇಗೆ, ಬೆಳೆದ ಪಟ್ಟಣದಲ್ಲಿ ಮನರಂಜನೆಯ ಉದ್ಯಮ ಬೇರೂರುವುದು ಯಾಕೆ ಎಂದು ತಿಳಿಯಲು ಓದುಬಲ್ಲವರು ಸಾಮಾನ್ಯವಾಗಿ ಅಮೆರಿಕದ ನ್ಯೂಯಾರ್ಕ್ ಮತ್ತು ಲಾಸ್ ಏಂಜಲಿಸ್‌ಗಳನ್ನು ಹೋಲಿಸುತ್ತಾರೆ. ನಾವು ಅಷ್ಟು ದೂರ ಹೋಗಬೇಕಿಲ್ಲ. ಹುಬ್ಬಳ್ಳಿ ಮತ್ತು ಬೆಂಗಳೂರನ್ನು ಎದುರುಬದುರು ಇಟ್ಟು ನೋಡಿದರೆ ಅದೇ ಕಥೆ ಕನ್ನಡದಲ್ಲಿ ಸಿಗುತ್ತದೆ.

ಹತ್ತಿಯ ಊರು

1901ರ ಜನಗಣತಿಯಲ್ಲಿ ಹುಬ್ಬಳ್ಳಿಯ ಜನಸಂಖ್ಯೆ ಸುಮಾರು 60 ಸಾವಿರ. ದಂಡು ಪ್ರದೇಶವೂ ಸೇರಿ ಬೆಂಗಳೂರಿನದು ಸುಮಾರು 1 ಲಕ್ಷ 59 ಸಾವಿರ. ಅಂದರೆ ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು. 2011ರ ಗಣತಿಗೆ ಬಂದರೆ, ಧಾರವಾಡವನ್ನು ಸೇರಿಸಿಕೊಂಡೂ ಹುಬ್ಬಳ್ಳಿಯದು ಸುಮಾರು 9 ಲಕ್ಷ 43 ಸಾವಿರ. ಬೆಂಗಳೂರಿನದು 85 ಲಕ್ಷದ ಹತ್ತಿರ. ಒಂದು ಶತಮಾನದಲ್ಲಿ ಅಂತರ ಒಂಬತ್ತು ಪಟ್ಟಾಯಿತು. ಇದು ಹಣೆಬರಹವಲ್ಲ. ಇದಕ್ಕೆ ಕಾರಣಗಳಿವೆ.

ಹುಬ್ಬಳ್ಳಿಯನ್ನು ಬೆಳೆಸಿದ್ದು ಹತ್ತಿ. ಇದರಲ್ಲಿ ಅಮೆರಿಕದ ಪಾಲೂ ಉಂಟು. 1840ರ ದಶಕದಲ್ಲಿ ಅಲ್ಲಿನ ನ್ಯೂ ಆರ್ಲಿಯನ್ಸ್ ತಳಿಯ ಹತ್ತಿಬೀಜವನ್ನು ಧಾರವಾಡ ಸೀಮೆಯ ಎರೆಹೊಲಗಳಲ್ಲಿ ಬಿತ್ತಿಸಲಾಯಿತು. ಈ ಬೆಳೆಗೆ ‘ಧಾರವಾಡ-ಅಮೆರಿಕನ್’ ಎಂದೇ ಹೆಸರು ಬಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗದಾದಾಗ ನಮ್ಮ ಹತ್ತಿಯ ಧಾರಣೆ ಗಗನಕ್ಕೇರಿತು. ಗಾಡಿಗಳ ಸಾಲು ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. 1880ರ ದಶಕದಲ್ಲಿ ರೈಲು ಬಂತು. ಹುಬ್ಬಳ್ಳಿಯಲ್ಲಿ ರೈಲ್ವೆ ಕಾರ್ಖಾನೆ ನಿಂತಿತು. ಅದೇ ದಶಕದಲ್ಲಿ ಗದಗದಿಂದ ಬಾದಾಮಿ, ಬಾಗಲಕೋಟೆಗಳ ಮೇಲೆ ಹೋಟಗಿಯವರೆಗೂ ಹಳಿ ಹಾಸಿದರು. ಹತ್ತಿ, ಅರಳೆ, ದಲಾಲಿ, ರೈಲು - ಇವು ಹುಬ್ಬಳ್ಳಿಯ ನಾಲ್ಕು ಕಂಬಗಳು.

ನಾಟಕ ರೈಲಿಗಿಂತ ಮೊದಲೇ ಬಂದಿತ್ತು. ಸಾಂಗಲಿ ಕಡೆಯ ಮರಾಠಿ ಮಂಡಳಿಗಳು ನಮ್ಮ ಊರುಗಳಿಗೆ ಬಂದು ಆಡಿ, ದುಡ್ಡು ಕಟ್ಟಿಕೊಂಡು ಹೋಗುತ್ತಿದ್ದ ಕಾಲವದು. ಅದನ್ನು ಕಂಡು ಮನಸ್ಸಿಗೆ ಹಚ್ಚಿಕೊಂಡವರು ಶಾಂತಕವಿಗಳು. 1870ರ ದಶಕದಲ್ಲಿ ಗದಗಿನಲ್ಲಿ ಅವರು ಕಟ್ಟಿದ ಮಂಡಳಿಯಿಂದ ಕನ್ನಡದ ಕಂಪನಿ ನಾಟಕ ಮೊದಲಾಯಿತು ಎನ್ನುತ್ತಾರೆ. ಮುಂದೆ ಗರುಡ ಸದಾಶಿವರಾಯರ ಕಂಪನಿ, ಏಣಗಿ ಬಾಳಪ್ಪನವರ ಕಂಪನಿ ಹೀಗೆ ಸಾಲು ಬೆಳೆಯಿತು. ಈ ಕಂಪನಿಗಳೇ ಸಂಗೀತಕ್ಕೂ ಸಾಲೆಯಾದವು. ಮಲ್ಲಿಕಾರ್ಜುನ ಮನಸೂರರು ಬಾಲಕರಾಗಿ ವಾಮನರಾವ್ ಮಾಸ್ತರರ ನಾಟಕ ಕಂಪನಿ ಸೇರಿದ್ದವರು. ನಮ್ಮ ಬೀಳಗಿಯ ಅಮೀರಬಾಯಿ ಕರ್ನಾಟಕಿ ಮುಂಬಯಿಗೆ ಹೋಗಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದರು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಹುಬ್ಬಳ್ಳಿ ವ್ಯಾಪಾರದ ಊರು. ಸುತ್ತಲಿನ ಹತ್ತಾರು ತಾಲ್ಲೂಕುಗಳ ಸುಗ್ಗಿಯ ಮೇಲೆ ಅದರ ಬದುಕು. ಅದಕ್ಕೆ ತಕ್ಕಂತೆ ಈ ಸೀಮೆಯ ಮನರಂಜನೆಯೂ ಸುಗ್ಗಿಯ ಬೆನ್ನು ಹತ್ತಿ ಊರಿಂದೂರಿಗೆ ತಿರುಗುವಂಥದಾಯಿತು.

ವಿದ್ಯುತ್ತಿನ ಊರು

ಬೆಂಗಳೂರಿನ ದಾರಿ ಬೇರೆ. ಅದು ಮೈಸೂರು ಸಂಸ್ಥಾನದ ಆಡಳಿತದ ಕೇಂದ್ರ. ಶಿವನಸಮುದ್ರದಲ್ಲಿ 1902ರಲ್ಲಿ ಕೋಲಾರದ ಚಿನ್ನದ ಗಣಿಗಾಗಿ ಹುಟ್ಟಿದ ವಿದ್ಯುತ್ತು 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. 1940ರಲ್ಲಿ ವಿಮಾನ ಕಾರ್ಖಾನೆ ಬಂತು. ಸ್ವಾತಂತ್ರ್ಯದ ನಂತರ 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಾಗ ಕೆಲಸಬಲ್ಲ ಎಂಜಿನಿಯರುಗಳು ಅಲ್ಲಿ ಆಗಲೇ ಸಿದ್ಧರಿದ್ದರು. ಅಂದರೆ ಮೊದಲು ಸರ್ಕಾರ ಬಂಡವಾಳ ಹಾಕಿತು, ಆಮೇಲೆ ಖಾಸಗಿಯವರು ಬಂದರು. ಇತ್ತ ಹುಬ್ಬಳ್ಳಿ ಮುಂಬಯಿ ಪ್ರಾಂತ್ಯದ ಅಂಚಿನ ಊರಾಗಿತ್ತು. 1956ರಲ್ಲಿ ರಾಜ್ಯ ಒಂದಾದಾಗ ಹೊಸ ರಾಜಧಾನಿಯಿಂದಲೂ ದೂರದ ಊರೇ ಆಯಿತು.

ಬೆಂಗಳೂರು ಚಿತ್ರೋದ್ಯಮದ ಊರಾದದ್ದೂ ತನ್ನಷ್ಟಕ್ಕೆ ತಾನಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆಕಂಡಿತು. ಆದರೆ ಅದರ ಚಿತ್ರೀಕರಣ ನಡೆದದ್ದು ಕೊಲ್ಹಾಪುರದ ಸ್ಟುಡಿಯೊದಲ್ಲಿ. ಆಮೇಲೆ ಎಷ್ಟೋ ವರ್ಷ ಕನ್ನಡ ಚಿತ್ರಗಳು ಹೆಚ್ಚಾಗಿ ತಯಾರಾದದ್ದು ಮದರಾಸಿನಲ್ಲಿ. 1960ರ ದಶಕದಲ್ಲಿ ಸರ್ಕಾರ ಸಹಾಯಧನ ಕೊಡತೊಡಗಿತು. ಬೆಂಗಳೂರಿನಲ್ಲಿ ಕಂಠೀರವ ಸ್ಟುಡಿಯೊ ತಲೆಯೆತ್ತಿತು. ಕ್ರಮೇಣ ನಟರು, ತಂತ್ರಜ್ಞರು, ಹಂಚಿಕೆದಾರರು ಗಾಂಧಿನಗರದ ಸುತ್ತ ಸೇರಿದರು. 2018ರಲ್ಲಿ ‘ಕೆಜಿಎಫ್’, 2022ರಲ್ಲಿ ‘ಕಾಂತಾರ’ ದೇಶದ ತುಂಬ ಓಡಿದವು. ಈ ಬೆಳೆಗೆ ಬೀಜ ಬಿದ್ದದ್ದು ಆ ಕಾಲದಲ್ಲಿ.

ಆದರೆ ಈ ಉದ್ಯಮಕ್ಕೆ ನಟರನ್ನೂ ಕಥೆಯನ್ನೂ ಕೊಟ್ಟವರು ಯಾರು? 1954ರ ‘ಬೇಡರ ಕಣ್ಣಪ್ಪ’ದ ನಾಯಕ ರಾಜ್‌ಕುಮಾರ್ ಗುಬ್ಬಿ ಕಂಪನಿಯಲ್ಲಿ ಪಳಗಿದವರು. ಅವರೇ ನಟಿಸಿದ 1974ರ ‘ಸಂಪತ್ತಿಗೆ ಸವಾಲ್’ ನಿಮಗೆಲ್ಲ ಗೊತ್ತು. ಆ ಚಿತ್ರದ ಮೂಲ, ನಮ್ಮ ಹುನಗುಂದ ಸೀಮೆಯ ನಾಟಕಕಾರ ಧುತ್ತರಗಿಯವರ ಕಂಪನಿ ನಾಟಕ. ಗ್ಯಾಸ್‌ಬತ್ತಿಯ ಬೆಳಕಿನಿಂದ ಬೆಳೆದು ಬಂದ ರಂಗಭೂಮಿಯ ಕೂಸು ಬೆಳ್ಳಿತೆರೆಯಲ್ಲಿ ದುಡ್ಡಿನ ಮಳೆ ಸುರಿಸಿತು. ಮಳೆ ಬಿದ್ದದ್ದು ಮಾತ್ರ ಬೇರೆ ಊರಿನಲ್ಲಿ.

ಎರಡು ಅಮೆರಿಕನ್ ಪಟ್ಟಣಗಳು

ಈಗ ಆ ಎರಡು ಪಟ್ಟಣಗಳ ಕಡೆ ಒಮ್ಮೆ ಹೊರಳಿ ನೋಡೋಣ. ನ್ಯೂಯಾರ್ಕ್ ಬಂದರಿನ ಊರು. 1825ರಲ್ಲಿ ಈರಿ ಕಾಲುವೆ ತೆರೆದ ಮೇಲೆ ಒಳನಾಡಿನ ದವಸವೆಲ್ಲ ಅಲ್ಲಿಗೆ ಹರಿದು ಬಂತು, ಬ್ಯಾಂಕುಗಳು ಬೆಳೆದವು. ದುಡ್ಡಿದ್ದ ಕಡೆ ನಾಟಕ ನೆಲೆ ನಿಂತಿತು, ಅದೇ ಬ್ರಾಡ್‌ವೇ. 1900ರ ಸುಮಾರಿಗೆ ಅಲ್ಲಿಂದ ನೂರಾರು ನಾಟಕ ತಂಡಗಳು ಪರದೆ ಸಮೇತ ರೈಲು ಹತ್ತಿ ಸಣ್ಣಪುಟ್ಟ ಊರುಗಳಿಗೆ ಹೋಗುತ್ತಿದ್ದವು, ಥೇಟ್ ನಮ್ಮ ಕಂಪನಿಗಳ ಹಾಗೆ.

ಲಾಸ್ ಏಂಜಲಿಸ್ 1880ರಲ್ಲಿ ಬರೀ 11 ಸಾವಿರ ಜನರ ಊರು. 1892ರಲ್ಲಿ ಅಲ್ಲಿ ಎಣ್ಣೆ ಸಿಕ್ಕಿತು. 1913ರಲ್ಲಿ ದೂರದ ಕಣಿವೆಯ ನೀರನ್ನು ಕಾಲುವೆ ಕಟ್ಟಿ ತಂದರು. ವರ್ಷವಿಡೀ ಬಿಸಿಲು, ಅಗ್ಗದ ಜಾಗ ಎಂದು ಸಿನಿಮಾದವರು 1910ರ ಆಸುಪಾಸಿನಲ್ಲಿ ಪೂರ್ವದಿಂದ ಅಲ್ಲಿಗೆ ಗುಳೆ ಎದ್ದರು. 1930ರ ಹೊತ್ತಿಗೆ ಊರು 12 ಲಕ್ಷ ದಾಟಿತು. ಮುಂದೆ ವಿಮಾನ ಕಾರ್ಖಾನೆಗಳೂ ಬಂದವು. ಸಿನಿಮಾ ಮತ್ತು ವಿಮಾನ, ಇವೆರಡೂ ಒಂದೇ ಊರಿನಲ್ಲಿ ಸೇರಿದ್ದು ಬೆಂಗಳೂರಿನ ಕಥೆಯಂತೆಯೇ ಇದೆ. 1927ರಲ್ಲಿ ಸಿನಿಮಾ ಮಾತಾಡತೊಡಗಿದ ಮೇಲೆ ರಂಗಭೂಮಿಯ ನಟರೂ ಪಶ್ಚಿಮದ ರೈಲು ಹತ್ತಿದರು. ಊರೂರು ತಿರುಗುತ್ತಿದ್ದ ತಂಡಗಳು ಬಹುಮಟ್ಟಿಗೆ ಮುಚ್ಚಿಹೋದವು.

ಆದರೆ ಬ್ರಾಡ್‌ವೇ ಸಾಯಲಿಲ್ಲ. 1970ರ ದಶಕದಲ್ಲಿ ಆ ಬೀದಿ ತೀರಾ ಹದಗೆಟ್ಟಿತ್ತು. ಆಗ 1973ರಲ್ಲಿ ಒಂದು ಸಣ್ಣ ಟಿಕೀಟು ಕಟ್ಟೆ ತೆರೆದು, ಉಳಿದ ಟಿಕೀಟುಗಳನ್ನು ಆಯಾ ದಿನವೇ ಕಡಿಮೆ ದರಕ್ಕೆ ಮಾರಲು ಶುರುಮಾಡಿದರು. ಸಾಮಾನ್ಯ ಜನ ಮತ್ತೆ ಬಂದರು. 1982ರಲ್ಲಿ ಹೋಟೆಲು ಕಟ್ಟಲೆಂದು ಹಳೆಯ ನಾಟಕಶಾಲೆಗಳನ್ನು ಕೆಡವಿದಾಗ ಕಲಾವಿದರು ಬೀದಿಗಿಳಿದರು. ಆ ಮೇಲೆ ಎಷ್ಟೋ ನಾಟಕಶಾಲೆಗಳಿಗೆ ಕಾನೂನಿನ ರಕ್ಷಣೆ ದೊರೆಯಿತು. ನಾಟಕದಿಂದ ಹೋಟೆಲು, ಟ್ಯಾಕ್ಸಿ, ಅಂಗಡಿಗಳಿಗೂ ವ್ಯಾಪಾರವಿದೆ ಎಂಬ ಲೆಕ್ಕ ಆ ಊರಿನವರಿಗೆ ಗೊತ್ತಿತ್ತು. ಕಲೆಯ ಮೇಲಿನ ಪ್ರೀತಿಗೆ ಈ ಲೆಕ್ಕವೂ ಜೊತೆಯಾಯಿತು.

ನಮ್ಮ ಲೆಕ್ಕ

ನಮ್ಮ ಲೆಕ್ಕವೇನು? ನಾನು ಸಣ್ಣವನಿದ್ದಾಗ ಅಜ್ಜ ನನ್ನನ್ನು ಬನಶಂಕರಿ ಜಾತ್ರೆಗೆ ಕರೆದೊಯ್ದಿದ್ದ. ರಾತ್ರಿ ಎರಡನೇ ಆಟ ಮುಗಿಸಿ ಹೊರಗೆ ಬಂದಾಗ ನನಗೆ ನಿದ್ದೆ. ‘ಅಜ್ಜಾ, ಇವರು ಹಗಲಿ ಏನ್ ಮಾಡ್ತಾರ?’ ಎಂದು ಕೇಳಿದೆ. ‘ನಮ್ಮಂಗ ಸಂತಿ ಮಾಡ್ತಾರ, ರೊಟ್ಟಿ ಬಡೀತಾರ ತಮ್ಮಾ’ ಎಂದ. ಆ ಮಾತಿನ ಅರ್ಥ ವರದಿಗಾರನಾಗಿ ಜಾತ್ರೆಗೆ ಹೋದಾಗ ತಿಳಿಯಿತು. ಕಂಪನಿಯೊಂದು ಊರಿಗೆ ಬಂತೆಂದರೆ ಜಾಗದ ಬಾಡಿಗೆ, ಕಟ್ಟಿಗೆ, ಅಕ್ಕಿ, ತರಕಾರಿ, ದರ್ಜಿ, ಧ್ವನಿವರ್ಧಕ, ಚಹಾದಂಗಡಿ ಎಂದು ಗಳಿಕೆಯ ಒಂದು ಪಾಲು ಆ ಊರಿನಲ್ಲೇ ಖರ್ಚಾಗುತ್ತದೆ. ಸಿನಿಮಾದಲ್ಲಿ ಹಾಗಲ್ಲ. ಚಿತ್ರಮಂದಿರದವರ ಪಾಲು ಬಿಟ್ಟರೆ ಉಳಿದ ಹಣ ಹಂಚಿಕೆದಾರ, ನಿರ್ಮಾಪಕರ ಮೂಲಕ ರಾಜಧಾನಿಗೆ ಮರಳುತ್ತದೆ. ಇದರಲ್ಲಿ ಸಿನಿಮಾದ ತಪ್ಪೇನೂ ಇಲ್ಲ. ಆ ಉದ್ಯಮದ ಕಟ್ಟಡವೇ ಹಾಗಿದೆ.

ಜಾತ್ರೆಯಲ್ಲಿ ಹಿರಿಯ ಕಲಾವಿದೆಯೊಬ್ಬರನ್ನು ಮಾತನಾಡಿಸಿದೆ. ಬಣ್ಣ ಒರೆಸಿಕೊಳ್ಳುತ್ತ ಅವರು ಹೇಳಿದ್ದಿಷ್ಟು: ‘ಈ ಒಂದು ತಿಂಗಳ ಜಾತ್ರಿ ನೆಚ್ಚಿಕೊಂಡು ನಾವು ವರ್ಷ ತೆಗೀತೀವಿ, ಯಪ್ಪಾ. ಕೊರೊನಾದಾಗ ಜಾತ್ರಿ ನಿಂತಾಗ ಟ್ರಂಕ್ ತೆಗೀಲೇ ಇಲ್ಲ.’ ಕಂಪನಿ ನಾಟಕವೆಂದರೆ ದ್ವಂದ್ವಾರ್ಥದ ಮಾತು ಎಂದು ಮೂಗು ಮುರಿಯುವವರಿದ್ದಾರೆ. ಆ ದೂರು ಪೂರಾ ಸುಳ್ಳಲ್ಲ. ಆದರೆ ಅಂದಿನ ಗಲ್ಲಾಪೆಟ್ಟಿಗೆಯಿಂದಲೇ ಅಂದಿನ ಊಟ ನಡೆಯಬೇಕಾದಾಗ, ಹೊಸ ನಾಟಕ ಬರೆಸಿ ತಾಲೀಮು ಮಾಡುವ ಧೈರ್ಯ ಮಾಲೀಕನಿಗೆ ಎಲ್ಲಿಂದ ಬರಬೇಕು? ಒಂದು ಕಾಲಕ್ಕೆ ಬಸವಣ್ಣನವರ ಪಾತ್ರದಲ್ಲಿ ಏಣಗಿ ಬಾಳಪ್ಪನವರನ್ನು ಕಂಡು ಜನ ಕೈಮುಗಿಯುತ್ತಿದ್ದ ರಂಗಭೂಮಿ ಇದು. ರುಚಿ ಕೆಟ್ಟಿತು ಎನ್ನುವ ಮೊದಲು ಅಡುಗೆಮನೆಯಲ್ಲಿ ಏನಿದೆ ಎಂದು ನೋಡುವುದು ನ್ಯಾಯ.

ದೊಡ್ಡ ಊರಿನಲ್ಲಾದರೂ ಎಲ್ಲ ಸುಭದ್ರವಾಗಿದೆಯೆ? ಬೆಂಗಳೂರಿನ ಹಳೆಯ ಸಾಗರ್, ಕಪಾಲಿ ಚಿತ್ರಮಂದಿರಗಳು ಇಂದಿಲ್ಲ. ನೆಲ ತುಟ್ಟಿಯಾದ ಕಡೆ ಸಿನಿಮಾಕ್ಕೂ ಜಾಗ ಉಳಿಯಲಿಲ್ಲ. ಬೆಳವಣಿಗೆ ಎಂಬುದು ಮನರಂಜನೆಯನ್ನು ಸಾಕುತ್ತದೆ, ಕಾಯದೆ ಬಿಟ್ಟರೆ ಅದನ್ನೇ ನುಂಗುತ್ತದೆ.

ಹುಬ್ಬಳ್ಳಿ ಈಗ ಮತ್ತೆ ಬೆಳೆಯುತ್ತಿದೆ. 2003ರಲ್ಲಿ ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಅಲ್ಲಿ ಕೆಲಸ ಆರಂಭಿಸಿತು. 2023ರಲ್ಲಿ 1,507 ಮೀಟರು ಉದ್ದದ, ಜಗತ್ತಿನಲ್ಲೇ ಅತಿ ಉದ್ದದ ರೈಲು ಪ್ಲಾಟ್‌ಫಾರಂ ಉದ್ಘಾಟನೆಯಾಯಿತು. ಸಂತೋಷ. ಆದರೆ ಅಷ್ಟು ಉದ್ದದ ಪ್ಲಾಟ್‌ಫಾರಮ್ಮಿನಲ್ಲಿ ನಮ್ಮ ಹುಡುಗರು ಬೆಂಗಳೂರಿನ ಗಾಡಿಗೇ ಕಾಯುತ್ತ ನಿಲ್ಲುವುದಾದರೆ ಅದರ ಉದ್ದದಿಂದ ನಮಗೇನು ಬಂತು?

ಹಾಗಾದರೆ ಮಾಡಬೇಕಾದದ್ದೇನು? ನ್ಯೂಯಾರ್ಕಿನವರು ಮಾಡಿದ್ದು ದೊಡ್ಡ ಪವಾಡವಲ್ಲ. ಒಂದು ಟಿಕೀಟು ಕಟ್ಟೆ, ಒಂದಿಷ್ಟು ಕಾನೂನು. ನಾವೂ ಅಷ್ಟೇ ಸಣ್ಣದರಿಂದ ಶುರುಮಾಡಬಹುದು. ಜಾತ್ರೆಗಳಲ್ಲಿ ನಾಟಕ ಕಂಪನಿಗಳಿಗೆ ಜಾಗ ಹಂಚುವಾಗ ಹರಾಜಿನ ದರ ಏರಿಸುವ ಬದಲು ನ್ಯಾಯವಾದ ಬಾಡಿಗೆ ಗೊತ್ತುಮಾಡಬಹುದು. ಲೈಸನ್ಸಿಗೂ ವಿದ್ಯುತ್ ಸಂಪರ್ಕಕ್ಕೂ ಕಚೇರಿಯಿಂದ ಕಚೇರಿಗೆ ಅಲೆಸದೆ ಒಂದೇ ಕಡೆ ಕೊಡಬಹುದು. ಹೊಸ ನಾಟಕ ಬರೆಸುವ ಕಂಪನಿಗೆ, ಸಿನಿಮಾಕ್ಕೆ ಕೊಟ್ಟಂತೆ, ಸಹಾಯಧನ ಕೊಡಬಹುದು. ಹುಬ್ಬಳ್ಳಿಯಲ್ಲೂ ಬಾಗಲಕೋಟೆಯಲ್ಲೂ ಕಂಪನಿಗಳು ಸರದಿಯ ಮೇಲೆ ಕ್ಯಾಂಪು ಮಾಡಲು ಕಾಯಂ ಜಾಗವೊಂದನ್ನು ಕಾದಿಡಬಹುದು. ಊರೂರು ತಿರುಗುವ ಕಲಾವಿದರ ಮಕ್ಕಳ ಸಾಲೆಗೆ ವ್ಯವಸ್ಥೆ ಮಾಡಬಹುದು. ಇವುಗಳಲ್ಲಿ ಅರ್ಧದಷ್ಟನ್ನು ಸರ್ಕಾರ ಮಾಡಬೇಕು. ಉಳಿದರ್ಧ ನಮ್ಮ ಪಂಚಾಯಿತಿ, ಜಾತ್ರಾ ಸಮಿತಿಗಳ ಕೈಯಲ್ಲೇ ಇದೆ.

ಬೆಂಗಳೂರಿಗೆ ಹೋಗುವ ಬಸ್ಸನ್ನು ಯಾರೂ ತಡೆಯಲಾರರು, ತಡೆಯಲೂಬಾರದು. ಅಲ್ಲಿ ಅನ್ನವಿದೆ. ಆದರೆ ಬನದ ಹುಣ್ಣಿಮೆಗೆ ಆ ಹುಡುಗರು ಊರಿಗೆ ಮರಳಿ ಬಂದಾಗ ನೋಡಲು ಒಂದು ನಾಟಕವಿರಬೇಕು, ಆ ನಾಟಕದಲ್ಲಿ ಅವರ ಮಾತು, ಅವರ ಬದುಕು ಇರಬೇಕು. ಈ ವರ್ಷ ಕಂಪನಿಯ ಲಾರಿ ನಮ್ಮ ಕ್ರಾಸಿನಲ್ಲಿ ಚಹಾಕ್ಕೆ ನಿಂತರೆ ‘ಯಾವ ನಾಟಕ ತಂದೀರಿ?’ ಎಂದು ಕೇಳಿ. ಜಾತ್ರೆಗೆ ಹೋದಾಗ ಟಿಕೀಟು ಕೊಂಡು ನೋಡಿ. ನಾಟಕ ಚಲೋ ಇಲ್ಲದಿದ್ದರೆ ಅದನ್ನೂ ಅವರ ಮುಖಕ್ಕೇ ಹೇಳಿ. ಕಂಪನಿ ನಾಟಕ ಬೆಳೆದದ್ದೇ ಹಾಗೆ, ಮುಂದೆ ಕೂತ ನಿಮ್ಮ ಚಪ್ಪಾಳೆ ಮತ್ತು ಬೈಗುಳ ಎರಡನ್ನೂ ಕೇಳುತ್ತ.